ಸಂಪರ್ಕಕ್ಕೆ ಸಿಗದವರು

ಡಾಕ್ಟರು ಬರೆದ ಪ್ರಬಂಧಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಅವರ ಸೊಂಟದ ತನಕ ಬರುತ್ತವೆ ಎಂದು ವಿದ್ಯಾರ್ಥಿಗಳು ತಮಾಷೆ ಮಾಡುತ್ತಿದ್ದರು. ಡಾಕ್ಟರು ಕುಳ್ಳಗಿದ್ದಾರೆ ಎನ್ನುವುದು ಆ ತಮಾಷೆಯ ಉಳಿದರ್ಧ. ಮೂಳೆ, ಕೀಲು, ಆಟಗಾರರ ಗಾಯ, ಇವುಗಳ ಬಗ್ಗೆ ಅವರು ಬರೆಯದ್ದೇ ಇಲ್ಲ. ಮೊಣಕಾಲಿನ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಹರಿದುಕೊಂಡ ಆಟಗಾರರಿಗೆಂದು ಅವರೇ ರೂಪಿಸಿದ ಹೊಸ ಬಗೆಯ ಆಪರೇಷನ್ ಕುರಿತ ಪ್ರಬಂಧ ಈಗ ದೊಡ್ಡದೊಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗುವುದರಲ್ಲಿತ್ತು. ಆಪರೇಷನ್ ಆದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಎರಡು ವರ್ಷದೊಳಗೆ ಮೈದಾನಕ್ಕೆ ಮರಳಿದ್ದಾರೆ ಎಂಬುದು ಅದರ ಸಾರ.

ಆ ಭಾನುವಾರ ಬೆಳಿಗ್ಗೆ ಮಹಡಿಯ ಕೋಣೆಯಲ್ಲಿ ಕೂತು ಅವರು ಉತ್ತರಿಸಬೇಕಿದ್ದುದು ಪತ್ರಿಕೆಯವರ ಒಂದೇ ಪ್ರಶ್ನೆಗೆ. ‘ಎರಡು ವರ್ಷದ ತಪಾಸಣೆಗೆ ಬಾರದ ರೋಗಿಗಳನ್ನು ಲೆಕ್ಕದಿಂದ ಬಿಟ್ಟಿದ್ದೀರಿ. ಅವರೆಲ್ಲ ಏನಾದರು?’ ಇಂಥ ಪ್ರಶ್ನೆಗೆ ಈ ವೃತ್ತಿಯಲ್ಲಿ ಸಿದ್ಧ ಉತ್ತರವೊಂದಿದೆ. ಎಲ್ಲರೂ ಅದನ್ನೇ ಬರೆಯುತ್ತಾರೆ, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಡಾಕ್ಟರೂ ಅದನ್ನೇ ಬರೆದರು: ‘ಅವರನ್ನು ಸಂಪರ್ಕಿಸಲು ಸಾಧ್ಯವಾಗಲಿಲ್ಲ.’

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಒಂದು ಕಾಲು ಮೇಲಿಟ್ಟು, ಇನ್ನೊಂದನ್ನು ಅದೇ ಮೆಟ್ಟಿಲಿಗೆ ಎಳೆದುಕೊಳ್ಳುತ್ತ ಅಕ್ಕನ ಮಗಳು ಚಹಾ ತರುತ್ತಿದ್ದಳು. ಸಂಪರ್ಕಕ್ಕೆ ಸಿಗದವರಲ್ಲಿ ಅವಳೂ ಒಬ್ಬಳು! ಕಾಲೇಜಿಗೆಂದು ಬಂದು ಇದೇ ಮನೆಯಲ್ಲಿದ್ದಾಳೆ, ಅವರ ಎದುರಿಗೇ ಕೂತು ಊಟ ಮಾಡುತ್ತಾಳೆ, ಮಾವನ ಕನ್ನಡಕ ಕಾಣದಾದರೆ ಹುಡುಕಿಕೊಡುವವಳೂ ಅವಳೇ.

ಉದ್ದ ಜಿಗಿತದಲ್ಲಿ ಹೆಸರು ಮಾಡಿದ್ದ ಹುಡುಗಿ. ಆಪರೇಷನ್ ಮಾಡಿದ್ದು ಸ್ವತಃ ಡಾಕ್ಟರೇ. ಎರಡು ವರ್ಷದ ತಪಾಸಣೆಗೆ ಅವಳು ಆಸ್ಪತ್ರೆಗೆ ಹೋಗಲಿಲ್ಲ, ಮಾವ ಮನೆಯಲ್ಲೇ ಇದ್ದಾರಲ್ಲ ಎಂದುಕೊಂಡಳು. ಮಾವ ಕರೆಯಲೂ ಇಲ್ಲ. ಕರೆದರೆ ಆ ಮೊಣಕಾಲನ್ನು ಮುಟ್ಟಬೇಕು, ಮುಟ್ಟಿದರೆ ಕಂಡದ್ದನ್ನು ಬರೆದುಕೊಳ್ಳಬೇಕು. ಇದನ್ನು ಜಾಣಕುರುಡು ಎನ್ನದೆ ಇನ್ನೇನು ಎನ್ನೋಣ? ಅಷ್ಟೇ ಆಗಿದ್ದರೂ ಒಂದು ಮಾತು. ಕಾಲು ಯಾಕೆ ಸರಿಹೋಗಲಿಲ್ಲ ಎಂದು ಅಕ್ಕ ಫೋನಿನಲ್ಲಿ ಕೇಳಿದಾಗ, ‘ವ್ಯಾಯಾಮ ಸಾಲದೇನೋ’ ಎಂದು ಹೇಳಿ ಕೈತೊಳೆದುಕೊಂಡಿದ್ದರು. ದೊಡ್ಡ ಡಾಕ್ಟರಾದ ತಮ್ಮನ ಮಾತನ್ನು ಅಕ್ಕ ಅನುಮಾನಿಸುವುದುಂಟೇ? ಅಂದಿನಿಂದ ಮಗಳನ್ನು ಸೋಮಾರಿ ಎಂದು ಬೈಯುವುದೇ ಆಯಿತು.

ಹುಡುಗಿ ಲೋಟ ಮೇಜಿನ ಮೇಲಿಟ್ಟು ಕಂಪ್ಯೂಟರಿನತ್ತ ಬಗ್ಗಿದಳು.

“ನೂರಕ್ಕೆ ತೊಂಬತ್ತು ಜನ ಮತ್ತೆ ಆಡ್ತಿದಾರಾ ಮಾವ? ಅಬ್ಬಾ! ಎಷ್ಟು ಕಷ್ಟಪಟ್ಟಿರಬೇಕು ಅವರೆಲ್ಲ. ನಾನೂ ದಿನಾ ವ್ಯಾಯಾಮ ಮಾಡ್ದೆ. ಆದ್ರೂ ಎಲ್ಲೋ ಕಳ್ಳಾಟ ಆಡಿರ್ತೀನಿ, ಅಲ್ವಾ?”

ನಗುತ್ತಲೇ ಕೇಳಿದಳು. ಅವಳು ಡಾಕ್ಟರನ್ನು ಬೈದಿದ್ದರೆ ಅವರು ತಡೆದುಕೊಳ್ಳಬಹುದಿತ್ತು. ಈ ಹುಡುಗಿ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ, ಅದೂ ಅವರ ಅಂಕಿ ನೋಡಿ. ನಾಚಿಕೆಯಿಂದ ಅವರಿಗೆ ತಲೆ ಎತ್ತಲಾಗಲಿಲ್ಲ.

“ಆ ಮಂಚದ ಮೇಲೆ ಮಲಗು. ಕಾಲು ನೋಡ್ತೀನಿ.”

“ಈಗ್ಲಾ? ಭಾನುವಾರ ಡಾಕ್ಟರಿಗೆ ರಜೆ ಅಲ್ವಾ?”

“ಸುಮ್ನೆ ಮಲಗಮ್ಮ.”

ಮೊಣಕಾಲು ಮಡಿಸಿ, ಪಾದ ಕದಲದಂತೆ ಒತ್ತಿಟ್ಟು, ಕೆಳಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದರು. ಲಿಗಮೆಂಟ್ ಗಟ್ಟಿಯಿದ್ದರೆ ಟಕ್ಕೆಂದು ತಡೆಯಬೇಕು. ತಡೆಯಲಿಲ್ಲ. ಹಳೇ ಮೇಜಿನ ಡ್ರಾಯರಿನ ಹಾಗೆ ಸಲೀಸಾಗಿ ಮುಂದೆ ಬಂತು. ಅವರು ಕೂರಿಸಿದ ಲಿಗಮೆಂಟೇ ಸಡಿಲವಾಗಿತ್ತು. ಯಾವ ವ್ಯಾಯಾಮವೂ ಅದನ್ನು ಬಿಗಿ ಮಾಡುವಂತಿರಲಿಲ್ಲ.

“ನೀನು ಕಳ್ಳಾಟ ಆಡಿಲ್ಲ,” ಎಂದರು. “ನನ್ನ ಆಪರೇಷನ್ನೇ ಕೈಕೊಟ್ಟಿದೆ. ತಪಾಸಣೆಗೆ ಬರ್ಲಿಲ್ಲ ಅಂತ ನಿನ್ನನ್ನ ಲೆಕ್ಕಕ್ಕೇ ತಗೊಂಡಿಲ್ಲ. ನಿನ್ನ ಥರದವರನ್ನ ಯಾರನ್ನೂ ತಗೊಂಡಿಲ್ಲ.”

ಹುಡುಗಿ ಎದ್ದು ಕೂತು ಪ್ಯಾಂಟಿನ ಕಾಲು ಇಳಿಸಿಕೊಂಡಳು. ಅತ್ತುಬಿಡುತ್ತಾಳೆ ಎಂದು ಡಾಕ್ಟರು ಹೆದರಿದರು. ಅಳಲಿಲ್ಲ.

“ಪತ್ರಿಕೆಯವರಿಗೆ ಆಮೇಲೆ ಬರೀರಿ,” ಎಂದಳು. “ಮೊದ್ಲು ಅಮ್ಮಂಗೆ ಹೇಳಿ. ನನ್ನೆದುರಿಗೇ ಹೇಳಿ.”

ಎಂತೆಂಥ ಸಭೆಗಳಲ್ಲೋ ತಡವರಿಸದೆ ಮಾತಾಡಿದ್ದ ಡಾಕ್ಟರು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ಅಕ್ಕನ ನಂಬರು ಒತ್ತಿದರು.

“ಏನೋ ಬೆಳಿಗ್ಗೆ ಬೆಳಿಗ್ಗೇನೇ? ಎಲ್ಲ ಸರಿಯಾಗಿದೆ ತಾನೆ?”

“ಅಕ್ಕಾ, ಅವಳ ಕಾಲು ಹೀಗಾಗಿದ್ದು ಸೋಮಾರಿತನದಿಂದ ಅಲ್ಲ. ನನ್ನ ಆಪರೇಷನ್ ಸರಿಹೋಗಿಲ್ಲ. ವ್ಯಾಯಾಮ ಅಂತ ನಾನು ಹೇಳಿದ್ದು ಸುಳ್ಳು.”

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು.

“ಇದು ನಿಂಗೆ ಯಾವಾಗ ಗೊತ್ತಾಯ್ತು?”

ಈಗ ಎನ್ನಬಹುದಿತ್ತು. ಈಗತಾನೆ ಪರೀಕ್ಷಿಸಿದ್ದು ನಿಜವೂ ಹೌದು. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು.

“ಆಪರೇಷನ್ ಆದ್ಮೇಲೆ ಅವಳು ಈ ಮನೆ ಮೆಟ್ಟಿಲು ಮೊದಲ್ನೇ ಸಲ ಹತ್ತಿದ ದಿನಾನೇ ಗೊತ್ತಾಗಿತ್ತು ಅಕ್ಕ.”

ಅಕ್ಕ ಬೈಯಲಿಲ್ಲ. “ಅವಳಿಗೆ ಕೊಡು ಫೋನು,” ಎಂದಳಷ್ಟೆ.

ಫೋನು ಕಿವಿಗಿಟ್ಟುಕೊಂಡು ‘ಅಮ್ಮಾ’ ಎಂದವಳೇ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಆ ಕಡೆ ಅಮ್ಮನೂ ಅಳುತ್ತಿದ್ದಳು. ಡಾಕ್ಟರು ತಾವು ಬರೆದ ಉತ್ತರದ ಮುಂದೆ ಕೂತರು. ಲೆಕ್ಕದಿಂದ ಬಿಟ್ಟ ಉಳಿದವರ ಮನೆಗಳಲ್ಲೂ ಯಾರನ್ನೋ ಯಾರೋ ಸೋಮಾರಿ ಎಂದು ಬೈಯುತ್ತಿರಬಹುದು ಎಂದು ಅವರಿಗೆ ಆಗ ಹೊಳೆಯಿತು. ಅವರೆಲ್ಲರ ನಂಬರುಗಳೂ ಆಸ್ಪತ್ರೆಯಲ್ಲಿದ್ದವು. ಒಂದಕ್ಕೂ ಯಾರೂ ಫೋನ್ ಮಾಡಿರಲಿಲ್ಲ.