ಹಾಲನ ಹಡಗು

ಶಾಲಿನೊಳಗೆ ಅಡಗಿಸಿ ತರುತ್ತಿದ್ದ ಹಡಗಿನ ಕಂಬ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು. ಕೀರ್ತನಾ ಅದರ ದಾರ ಬಿಡಿಸಿಕೊಂಡಳು. ಹೊರಗೆ, ಹಟ್ಟಿಯ ಮುಂದಿನ ಹುಲ್ಲುಬಯಲಿನಲ್ಲಿ, ಹೆಣ ಹೊರುವ ಕಟ್ಟಿಲಿನ ಮೇಲೆ ಅವಳ ತಾತ ಹಾಲ ಮಲಗಿದ್ದ. ಕೋಲು, ಕೊಳಲು, ಕೊಡೆ, ಸಾಮೆಯ ಗಂಟು, ಜೊತೆಗೆ ಹೋಗಬೇಕಾದುದೆಲ್ಲ ಆಗಲೇ ಪಕ್ಕದಲ್ಲಿತ್ತು.

"ಬಾಯಿಗ ಹಣ ಹಾಕಿದ್ದು ಯಾರು?" ಊರಗೌಡ ಜಯರಾಮನ್ ಕೇಳುತ್ತಿದ್ದರು.

"ಎನ್ನ ಅಕ್ಕನ ಮಗಳು," ಎಂದು ಜಗದೀಶ್ ಮಾಮ ಅವಳತ್ತ ಕೈ ತೋರಿಸಿದ. "ನಾ ಡಾಕ್ಟರ ಕರೆಯೋಕೆ ಕೆತ್ತಿ ಪೇಟೆಗ ಹೋಗಿದ್ದೆ. ಅವ್ವೆ ಅಕ್ಕಪಕ್ಕದವರ ಕೂಗೋಕೆ ಓಡಿದ್ದಳು."

"ನುಂಗಿದನಾ?"

ಎಲ್ಲರ ಕಣ್ಣೂ ಅವಳ ಮೇಲೆ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲಾಗದೆ ಎಂಟನೆಯದಕ್ಕೇ ಶಾಲೆ ಬಿಟ್ಟವಳು ಅವಳು.

"ನುಂಗಿದ," ಎಂದಳು.

ಹಣವೆಂದರೆ ಬೇಳೆಗಿಂತ ಚಿಕ್ಕದಾದ ಚಿನ್ನದ ಬಿಲ್ಲೆ. ಪ್ರಾಣ ಹೋಗುವ ಮೊದಲು ಅದನ್ನು ಬೆಣ್ಣೆಯಲ್ಲಿ ಅದ್ದಿ ನುಂಗಿಸಬೇಕು. ಆ ಲೋಕದ ದಾರಿಯಲ್ಲಿ ನೂಲಿನ ಸೇತುವೆಯಿದೆ, ಹಣವಿಲ್ಲದೆ ಬಂದವನ ಕಾಲಡಿ ಅದು ತುಂಡಾಗುತ್ತದೆ ಎಂದು ತಾತನೇ ಅವಳಿಗೆ ಹೇಳಿದ್ದ. ಕೆಳಗೇನಿದೆ ಎಂದು ಅವಳು ಕೇಳಿದಾಗ, "ನೀರು" ಎಂದು ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡಿದ್ದ.

* * *

ಊಟಿಯಲ್ಲಿ, ನೌಕಾಪಡೆಯಿಂದ ನಿವೃತ್ತರಾದ ಕ್ಯಾಪ್ಟನ್ ಒಬ್ಬರ ಬಂಗಲೆಯಲ್ಲಿ ಹಾಲ ಕೆಲಸಕ್ಕಿದ್ದ. ಅಲ್ಲಿನ ಗಾಜಿನ ಕಪಾಟುಗಳ ತುಂಬ ಒಬ್ಬನೇ ಮನುಷ್ಯ, ಒಂದೇ ಹಡಗು: ಇಂಗ್ಲಿಷರ ನೌಕಾಧಿಪತಿ ನೆಲ್ಸನ್ ಮತ್ತು ಅವನ 'ವಿಕ್ಟರಿ'. ಪಿಂಗಾಣಿ ತಟ್ಟೆಯ ಮೇಲೆ, ಬಾಟಲಿಯೊಳಗೆ, ಹಿತ್ತಾಳೆಯಲ್ಲಿ, ಮರದಲ್ಲಿ. ಎಲ್ಲವೂ ನೆನಪಿಗೆಂದು ಮಾಡಿ ಮಾರಿದ ನಕಲುಗಳು.

ಮೊದಲ ದಿನ ಧೂಳು ಒರೆಸುವಾಗ, ನೆಲ್ಸನ್‌ನ ಬೊಂಬೆಗೆ ಒಂದು ಕೈ ಇಲ್ಲದ್ದು ಹಾಲನ ಕಣ್ಣಿಗೆ ಬಿತ್ತು. ತಾನೇ ಮುರಿದೆನೆಂದುಕೊಂಡು ಕಪಾಟಿನ ಕೆಳಗೆಲ್ಲ ತೆವಳಿ ಆ ಕೈಯನ್ನು ಹುಡುಕಿದ. ಕ್ಯಾಪ್ಟನ್ ಬಂದು ನೋಡಿ ನಕ್ಕರು.

"ಏಳಯ್ಯಾ. ಆ ಕೈ ಯುದ್ಧದಲ್ಲಿ ಹೋದದ್ದು. ಇನ್ನೊಂದು ಗೊತ್ತಾ? ಹಡಗು ಹತ್ತಿದರೆ ಇವನಿಗೂ ವಾಂತಿ!"

ಮೇಟ್ಟುಪಾಳಯದ ಬಸ್ಸು ಹತ್ತಿದರೇ ವಾಂತಿ ಮಾಡುತ್ತಿದ್ದ ಹಾಲನಿಗೆ ಅಂದಿನಿಂದ ಆ ಬೊಂಬೆ ನೆಂಟನಂತಾಯಿತು. ಕ್ಯಾಪ್ಟನ್ ತೀರಿಕೊಂಡು ಬಂಗಲೆ ಖಾಲಿಯಾದಾಗ ಮರದ ಹಡಗೊಂದನ್ನು ಅವನಿಗೆ ಕೊಟ್ಟರು. ಅದರ ಮೇಲೆ ಹೆಬ್ಬೆರಳಷ್ಟು ಎತ್ತರದ ಒಂಟಿಗೈಯವನು ನಿಂತಿದ್ದ.

* * *

"ಹಡಗಾ! ಸಮುದ್ರವೇ ಕಾಣದ ಆಳುಗ ಹಡಗು ಏಕ?" ಪಕ್ಕದ ಮನೆಯ ಕಮಲಂ ಅಳುತ್ತಿದ್ದವಳು ನಕ್ಕೇಬಿಟ್ಟಳು.

"ದೊರೆಯ ಬೊಂಬೆ ಎಲ್ಲ ಕಟ್ಟಿಲಲಿ ಬೇಡ," ಎಂದ ಜಗದೀಶ್. "ಒಳಗ ಮಡಗು, ಕೀರ್ತನಾ."

ಅವಳು ಹಡಗನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

"ಇರಲಿ, ಜಗದೀಶ," ಎಂದರು ಜಯರಾಮನ್. "ಅವ ಬದುಕೆಲ್ಲ ಒರೆಸಿದ್ದು ಅದನ್ನೇ."

ಅವಳು ತಾತನ ಕಾಲ ಬಳಿ ಹಡಗನ್ನಿಟ್ಟಳು. ಜಯರಾಮನ್ ತಲೆಯ ಬಳಿ ನಿಂತು, ಸತ್ತವನ ಪಾಪಗಳು ಕಳೆಯಲೆಂದು ಪದ್ಧತಿಯಂತೆ ಅವನ್ನು ಒಂದೊಂದಾಗಿ ಹೇಳತೊಡಗಿದರು. ಪ್ರತಿ ಮಾತಿಗೂ ಹಟ್ಟಿಯವರೆಲ್ಲ ದನಿಗೂಡಿಸಿದರು.

"ದಾರಿ ಕೇಳಿದವನಗ ದಾರಿ ತಪ್ಪಿಸಿದ."

"ಅದು ಪಾಪ!"

"ಕೇಳಿದವರಗ ಸುಳ್ಳ ಹೇಳಿದ."

"ಅದು ಪಾಪ!"

ನಡೆದದ್ದನ್ನು ಕೀರ್ತನಾ ಇನ್ನೂ ಹೇಳಬಹುದಿತ್ತು. ಕಟ್ಟಿಲು ಎತ್ತುವವರೆಗೂ ಹೊತ್ತಿತ್ತು. ಅವಳು ಹಡಗನ್ನು ತಾತನ ಪಾದಕ್ಕೆ ಇನ್ನಷ್ಟು ಹತ್ತಿರ ಸರಿಸಿದಳು.

* * *

ಹಿಂದಿನ ದಿನ ತಾತ ಬಾಯಿ ತೆರೆದು ಕಾದಿದ್ದ. ಬೆರಳ ಬಿಸಿಗೆ ಬೆಣ್ಣೆ ಕರಗಿತು. ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿದರೆ, ತನ್ನ ಕೈಯಿಂದಲೇ ತಾತ ಸತ್ತರೆ ಎಂದು ಅವಳ ಕೈ ಒಮ್ಮೆ ಹಿಂಜರಿಯಿತು. ಅಷ್ಟರಲ್ಲೇ ಹಣ ಜಾರಿ ನೆಲಹಲಗೆಯ ಸಂದಿಗೆ ಬಿತ್ತು. ಮನೆಯಲ್ಲಿದ್ದದ್ದು ಅದೊಂದೇ. ಅವಳು ನೆಲಕ್ಕೆ ಕೆನ್ನೆಯೊತ್ತಿ, ಕಡ್ಡಿ ತೂರಿಸಿ ಹುಡುಕಿದಳು. ತಲೆಯೆತ್ತಿದಾಗ ತಾತನ ಬಾಯಿ ಇನ್ನೂ ತೆರೆದಿತ್ತು. ಉಸಿರು ಇರಲಿಲ್ಲ.

* * *

ಗಂಡಸರು ಕಟ್ಟಿಲಿಗೆ ಹೆಗಲು ಕೊಡಲು ಬಂದರು. ಹೆಂಗಸರು ಒಬ್ಬೊಬ್ಬರಾಗಿ ಬಾಗಿ ಹಾಲನ ತಲೆಗೆ ತಲೆ ತಾಗಿಸಿದರು. ಕೊನೆಗೆ ಬಂದವಳು ಅವನ ಹೆಂಡತಿ ಹಾಲಿ. ತಲೆ ತಾಗಿಸಿ ಮೇಲೆದ್ದವಳು ಮೊಮ್ಮಗಳ ಪಾವಡೆಯನ್ನೇ ನೋಡಿದಳು. ಮಂಡಿಯ ಬಳಿ ಬೆಣ್ಣೆಯ ಕಲೆ, ಅದಕ್ಕೆ ಮೆತ್ತಿದ ನೆಲದ ಧೂಳು.

"ಬಿದ್ದೋತಾ?" ಮುದುಕಿಯ ದನಿ ಪಿಸುಮಾತಿಗಿಂತ ಸಣ್ಣದಾಗಿತ್ತು.

"ಹೆತ್ತೇ..." ಕೀರ್ತನಾ ಅಜ್ಜಿಯ ಸೆರಗು ಹಿಡಿದಳು. "ತಾತನಗ ನೀರಂದ್ರೆ ಅಂಜಿಕೆ. ಅದಕ್ಕೇ ನಾ ಹಡಗು..."

ಹಾಲಿ ಹಿಂತಿರುಗಿ ಗೌಡರನ್ನು ನೋಡಿದಳು. ಮಗನನ್ನು ನೋಡಿದಳು. ಕೀರ್ತನಾ ಕಣ್ಣು ಮುಚ್ಚಿಕೊಂಡಳು.

"ಬೇಗ ಆಗಲಿ, ಅವ್ವೆ, ಮಂಜು ಇಳಿತಾ ಇದೆ," ಎಂದ ಜಗದೀಶ್.

"ಒಸಿ ಇರಪ್ಪ."

ಮುದುಕಿ ಕಟ್ಟಿಲ ಕಾಲ್ದೆಸೆಗೆ ನಡೆದಳು. ಹಡಗಿನ ಸಡಿಲವಾಗಿದ್ದ ದಾರವೊಂದನ್ನು ಬಿಗಿದು ಕಟ್ಟಿದಳು. ಆಮೇಲೆ ಮೊಮ್ಮಗಳ ಕಡೆ ಬಾಗಿ ಕೇಳಿದಳು:

"ಇದರಲಿ ಮುಂದಿನ ತುದಿ ಏದು?"

ಕೀರ್ತನಾ ಬೆರಳು ತೋರಿಸಿದಳು. ಹಾಲಿ ಎರಡೂ ಕೈಯಿಂದ ಹಡಗನ್ನೆತ್ತಿ, ಆ ಚೂಪು ತುದಿ ಗಂಡನ ಪಾದಗಳಾಚೆ, ಮಂಜಿನ ಕಡೆಗೆ ಬರುವಂತೆ ತಿರುಗಿಸಿಟ್ಟಳು.