ದಾರದ ತುದಿ

ನಲವತ್ತು ವರ್ಷ ಟೈಲರ್ ಅಂಗಡಿ ನಡೆಸಿದ ಮನುಷ್ಯನಿಗೆ ಹೇಳಬಾರದ ಮಾತನ್ನು ಹಲ್ಲಿನ ಡಾಕ್ಟರಮ್ಮ ಹೇಳಿಬಿಟ್ಟರು.

"ತಪ್ಪು ಹಲ್ಲಿನ ಸೆಟ್ಟಿನದಲ್ಲ, ಮಾಸ್ಟ್ರೇ. ನಿಮ್ಮ ಕೆಳದವಡೆ ಮೂಳೆಯೇ ಏರುತಗ್ಗಾಗಿದೆ. ಒಸಡು ಬಿಡಿಸಿ, ಮೂಳೇನ ಸ್ವಲ್ಪ ಉಜ್ಜಿ ಸಮ ಮಾಡ್ಬೇಕು. ಆಮೇಲೆ ಹೊಸ ಸೆಟ್ ಮಾಡಿದ್ರೆ ಅಲ್ಲಾಡದೆ ಕೂರತ್ತೆ."

ಮಾಸ್ಟರ ಬೊಚ್ಚುಬಾಯಿ ತೆರೆದಂತೆಯೇ ಉಳಿಯಿತು. ಆಮೇಲೆ ಸಿಟ್ಟು ಬಂತು.

"ಅಲ್ಲ ಡಾಕ್ಟ್ರೇ, ಪ್ಯಾಂಟು ಬಿಗಿಯಾದ್ರೆ ನಾವು ಪ್ಯಾಂಟು ಬಿಚ್ಚಿ ಹೊಲೀತೀವಿ. ಗಿರಾಕಿ ಹೊಟ್ಟೆ ಕೊಯ್ಯಲ್ಲ!"

ಪಕ್ಕದಲ್ಲಿ ನಿಂತಿದ್ದ ಮಗಳು ಅಪ್ಪನ ತೋಳು ಚಿವುಟಿದಳು. ಅಂಗಡಿಯ ಅರ್ಧ ಕೆಲಸ ಈಗ ಅವಳದೇ. ಅರ್ಧಕ್ಕಿಂತ ಹೆಚ್ಚೇ ಎನ್ನಬೇಕು, ಯಾಕೆಂದರೆ ಟ್ರಯಲ್ ಕೋಣೆಯೂ ಅವಳ ಪಾಲಿಗೆ ಹೋಗಿತ್ತು. ಮಾಸ್ಟರಿಗೆ ಹಲ್ಲಿಗಿಂತ ಹೆಚ್ಚು ನೋಯುತ್ತಿದ್ದದ್ದು ಅದು.

ಟ್ರಯಲ್ ಅಂದರೆ ಅವರ ರಾಜ್ಯಭಾರ. ಗಿರಾಕಿ ಕನ್ನಡಿ ಮುಂದೆ ನಿಲ್ಲಬೇಕು, ಇವರ ಎರಡೂ ಕೈ ಬಟ್ಟೆಯ ಮೇಲೆ ಇರಬೇಕು, ಗುಂಡುಸೂಜಿಗಳು ಸಾಲಾಗಿ ಹಲ್ಲಿನ ನಡುವೆ ಇರಬೇಕು. ಬೇಕಾದಾಗ ಒಂದೊಂದೇ ಹೊರಗೆ ಬರುತ್ತಿದ್ದವು. ಹಲ್ಲು ಬಿದ್ದು, ಕೂರಿಸಿದ ಸೆಟ್ಟೂ ತೊಟ್ಟಿಲಿನ ಹಾಗೆ ತೂಗತೊಡಗಿದ ಮೇಲೆ, ಒಂದು ದಿನ ನಾಲ್ಕು ಸೂಜಿ ಜಾರಿ ಬ್ಯಾಂಕ್ ಮ್ಯಾನೇಜರರ ಕಾಲರಿನೊಳಗೆ ಇಳಿದವು. ಆ ಗಂಭೀರ ಮನುಷ್ಯ ಅಂಗಡಿ ತುಂಬ ಕುಣಿದದ್ದನ್ನು ಬೀದಿಯೆಲ್ಲ ನೋಡಿತು. ಅಂದಿನಿಂದ ಮಗಳು ಅಪ್ಪನನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಗುಂಡಿಗಳ ಡಬ್ಬಿ ಕೊಟ್ಟಿದ್ದಳು. ಗುಂಡಿ ಹೊಲಿಯುವುದು! ಹೊಸದಾಗಿ ಅಂಗಡಿಗೆ ಸೇರಿದ ಹುಡುಗರ ಮೊದಲ ವಾರದ ಕೆಲಸ!

ಕನ್ನಡಿಯ ಮುಂದೆ ಮತ್ತೆ ನಿಲ್ಲಬೇಕಾದರೆ ಸೆಟ್ಟು ಕೂರಬೇಕು, ಸೆಟ್ಟು ಕೂರಬೇಕಾದರೆ ಮೂಳೆ ಕೊಡಬೇಕು. ಮಾಸ್ಟರು ಹಲ್ಲಿಲ್ಲದ ಬಾಯಲ್ಲೇ ಹಲ್ಲು ಕಚ್ಚಿ ಒಪ್ಪಿದರು.

ಶಸ್ತ್ರಚಿಕಿತ್ಸೆಯ ದಿನ ಇಂಜೆಕ್ಷನ್ ಕೊಟ್ಟ ಮೇಲೆ ನೋವು ಗೊತ್ತಾಗಲಿಲ್ಲ. ಕರ್ ಕರ್ ಎಂದು ಅರ ಉಜ್ಜುವ ಸದ್ದು ಮಾತ್ರ ತಲೆಯೊಳಗೇ ಕೇಳುತ್ತಿತ್ತು. ಅವರು ಕಣ್ಣು ಮೇಲೆತ್ತಿ ಡಾಕ್ಟರಮ್ಮನ ಬಿಳಿ ಕೋಟು ನೋಡುತ್ತ ಮಲಗಿದ್ದರು. ಎಡಗಡೆ ಭುಜದ ಹೊಲಿಗೆ ಅರ್ಧ ಇಂಚು ಇಳಿದಿತ್ತು. ಯಾವ ಪುಣ್ಯಾತ್ಮ ಹೊಲಿದನೋ ಎಂದು ಕೇಳಲು ಬಾಯಿ ಖಾಲಿ ಇರಲಿಲ್ಲ.

ಕೊನೆಗೆ ಕಪ್ಪು ದಾರದಲ್ಲಿ ನಾಲ್ಕು ಹೊಲಿಗೆ ಬಿದ್ದವು. "ಮೆತ್ತಗಿನ ಊಟ ಮಾಡಿ. ಹೊಲಿಗೆಗೆ ಕೈ ಹಾಕ್ಬೇಡಿ," ಎಂದರು ಡಾಕ್ಟರಮ್ಮ. ಮಾಸ್ಟರು ವಿಧೇಯರಾಗಿ ತಲೆಯಾಡಿಸಿದರು.

ಮರುದಿನ ಬೆಳಗ್ಗೆ, ಮಗಳು ಗಿರಾಕಿಯೊಬ್ಬರ ಅಳತೆ ತೆಗೆಯುತ್ತಿದ್ದಾಗ, ಅವರು ಕೈಗನ್ನಡಿಯಲ್ಲಿ ಬಾಯಿ ನೋಡಿಕೊಂಡರು. ಹೊಲಿಗೆ ಪರವಾಗಿಲ್ಲ, ಅಂತರವೂ ಸಮ. ಆದರೆ ಪ್ರತಿ ಗಂಟಿನಿಂದಲೂ ಅಕ್ಕಿಕಾಳಿನಷ್ಟು ದಾರ ನೇತಾಡುತ್ತಿತ್ತು. ಮಾಸ್ಟರಿಗೆ ಮೈಯೆಲ್ಲ ಉರಿಯಿತು. ದಾರ ನೇತಾಡುವ ಬಟ್ಟೆ ಅವರ ಅಂಗಡಿಯಿಂದ ಒಂದು ದಿನವೂ ಹೊರಗೆ ಹೋದದ್ದಿಲ್ಲ. ಮಗಳ ಮದುವೆಯ ದಿನ ಕೂಡ ಅಳಿಯನ ತೋಳಿನ ದಾರ ಕತ್ತರಿಸಿಯೇ ಕೈಕುಲುಕಿದವರು ಅವರು. ಅಂಥವರ ಸ್ವಂತ ಬಾಯಲ್ಲಿ ಇದೇನು ಅನಾಚಾರ!

ಚಿಕ್ಕ ಕತ್ತರಿ ಕುದಿನೀರಲ್ಲಿ ಮಿಂದು ಬಂತು. ಚಿಕ್, ಚಿಕ್, ಚಿಕ್, ಚಿಕ್. ಗಂಟಿಗೆ ತಾಗಿಕೊಂಡಂತೆ, ಅಚ್ಚುಕಟ್ಟಾಗಿ.

ಮಧ್ಯಾಹ್ನ ಶಾಲಾ ಸಮವಸ್ತ್ರದ ಬಿಳಿ ಶರ್ಟಿಗೆ ಗುಂಡಿ ಹಾಕುತ್ತ, ಗುಂಡಿಯ ಕಾಜಾ ಹೊಲಿದವನನ್ನು ಬಯ್ಯುತ್ತಿದ್ದಾಗ, ಬಾಯಲ್ಲಿ ಏನೋ ಬಿಚ್ಚಿದಂತಾಯಿತು. ಶರ್ಟಿನ ಮೇಲೆ ಒಂದು ಕೆಂಪು ಹನಿ ಬಿತ್ತು, ಇನ್ನೊಂದು ಬಿತ್ತು. ಮಗಳು ಅಪ್ಪನ ಬಾಯಿಗೆ ಬಟ್ಟೆ ಒತ್ತಿ, ಅಂಗಡಿ ಬಾಗಿಲು ಹಾಕಿ, ದರದರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಬಾಯಿಗೆ ಬೆಳಕು ಹಿಡಿದರು. "ಎರಡು ಗಂಟು ಬಿಚ್ಚಿದೆ. ದಾರ ಕತ್ತರಿಸಿದ್ದು ಯಾರು?"

ಮಾಸ್ಟರು ಸೂರು ನೋಡಿದರು. "ತಾನಾಗೇ ಸವೆದಿರ್ಬೇಕು."

"ನಾಲ್ಕೂ ಒಂದೇ ಅಳತೆಗೆ ಸವೆದಿದೆಯಲ್ಲ!"

ಮಗಳು ತುಟಿ ಕಚ್ಚಿ ನಗು ತಡೆದಳು. ಡಾಕ್ಟರಮ್ಮ ನಗಲಿಲ್ಲ. "ನೀವು ಹೊಲಿಯೋದು ಒಣ ಬಟ್ಟೇಲಿ. ನಾನು ಹೊಲಿಯೋದು ಸದಾ ಒದ್ದೆಯಾಗಿರೋ, ಸದಾ ಅಲ್ಲಾಡೋ ಬಾಯಲ್ಲಿ. ಗಂಟು ಜಾರಬಾರದು ಅಂತಾನೇ ತುದಿ ಬಿಡೋದು."

"ಇವರ ಬಾಯಿ ಅಲ್ಲಾಡೋದು ಸ್ವಲ್ಪ ಜಾಸ್ತೀನೇ," ಎಂದಳು ಮಗಳು.

ಮಾಸ್ಟರಿಗೆ ಮಾತು ಕೇಳಿಸಲಿಲ್ಲ. ಕೈಯಾರೆ ಕೆಲಸ ಕೆಡಿಸಿಕೊಂಡೆನಲ್ಲ, ಇನ್ನು ಸಾಯುವ ತನಕ ಗುಂಡಿಯೇ ಗತಿಯಾಯಿತಲ್ಲ ಎಂದು ಕಣ್ಣು ತುಂಬಿತು. "ಸೆಟ್ಟು ಇನ್ನು ಕೂರಲ್ವಾ, ಡಾಕ್ಟ್ರೇ?"

"ಕೂರತ್ತೆ. ನೀವು ಕೈ ಹಾಕದಿದ್ರೆ." ಹೊಸ ಹೊಲಿಗೆ ಹಾಕಿ ಮುಗಿಸಿ ಅವರು ಇನ್ನೊಂದು ಬಾಂಬು ಹಾಕಿದರು. "ಆದ್ರೆ ಹೊಸ ಹಲ್ಲಲ್ಲಿ ದಾರ ಕಡಿಯೋದು, ಗುಂಡುಸೂಜಿ ಇಟ್ಕೊಳ್ಳೋದು, ಎರಡೂ ಬಂದ್."

ದಾರಿಯುದ್ದಕ್ಕೂ ಮಾಸ್ಟರು ಅದನ್ನೇ ಕೊರಗುತ್ತ ನಡೆದರು. ಸೂಜಿ ಹಿಡಿಯದ ಹಲ್ಲು ಯಾತಕ್ಕೆ?

ಎರಡೂವರೆ ತಿಂಗಳಿಗೆ ಹೊಸ ಸೆಟ್ಟು ಬಂತು, ಅಳ್ಳಾಡದೆ ಕೂತಿತು. ಮುಂದಿನ ವಾರವೇ ಡಾಕ್ಟರಮ್ಮ ಹೊಸ ಕೋಟಿನ ಟ್ರಯಲ್‌ಗೆ ಅಂಗಡಿಗೆ ಬಂದರು. ಅಳತೆಗೆ ಬರಲೇಬೇಕೆಂದು ಅವರನ್ನು ಕಾಡಿದ್ದು ಮಾಸ್ಟರೇ. ಮಗಳು ಟ್ರಯಲ್ ಕೋಣೆಯ ಪರದೆ ಸರಿಸಿ, "ಅಪ್ಪ, ನೀವೇ ನೋಡಿ," ಎಂದಳು.

ಮಾಸ್ಟರು ಸ್ಟೂಲು ಬಿಟ್ಟು ಎದ್ದರು. ಕನ್ನಡಿಯ ಮುಂದೆ ನಿಂತದ್ದೇ ತಡ, ಬಲಗೈ ಸೂಜಿ ತೆಗೆದುಕೊಂಡು ತಾನಾಗಿ ಬಾಯಿಯತ್ತ ಹೊರಟಿತು. ಕನ್ನಡಿಯೊಳಗಿಂದ ಡಾಕ್ಟರಮ್ಮ ಕಣ್ಣು ಬಿಟ್ಟರು. ಕೈ ಅರ್ಧದಲ್ಲೇ ನಿಂತಿತು.

ಮಗಳ ಮಣಿಕಟ್ಟಿಗೆ ದಾರದಲ್ಲಿ ಕಟ್ಟಿದ, ಸೂಜಿ ಚುಚ್ಚುವ ಪುಟ್ಟ ದಿಂಬಿತ್ತು. ಅದು ಕಲಿಯುವವರ ಆಟಿಕೆ ಎಂದು ಮಾಸ್ಟರು ವರ್ಷಗಟ್ಟಲೆ ಹಂಗಿಸಿದ್ದರು. ಈಗ ಸುಮ್ಮನೆ ತಮ್ಮ ಎಡಗೈ ಚಾಚಿದರು.

"ಕಟ್ಟು."

ಮಗಳು ಬಿಚ್ಚಿ, ಅಪ್ಪನ ಕೈಗೆ ಕಟ್ಟಿ, ಅಭ್ಯಾಸಬಲದಿಂದ ದಾರದ ತುದಿಗೆ ಕತ್ತರಿ ಒಯ್ದಳು.

"ಬಿಡು, ತುದಿ ಇರ್ಲಿ," ಎಂದರು ಮಾಸ್ಟರು. "ಗಂಟು ನಿಲ್ಲತ್ತೆ."

ಡಾಕ್ಟರಮ್ಮ ನಕ್ಕುಬಿಟ್ಟರು.

"ಅಲ್ಲಾಡ್ಬೇಡಿ ಡಾಕ್ಟ್ರೇ. ನಿಮ್ಮ ಎಡಭುಜ ಅರ್ಧ ಇಂಚು ತಗ್ಗಿದೆ."

"ಹಾಗಾದ್ರೆ ಉಜ್ಜಿ ಸಮ ಮಾಡ್ತೀರಾ?"

"ಛೇ ಛೇ," ಎಂದು ಮಾಸ್ಟರು ಮಣಿಕಟ್ಟಿನಿಂದ ಒಂದು ಸೂಜಿ ಕಿತ್ತರು. "ನಮ್ಮಲ್ಲಿ ಬಟ್ಟೆ ಮಾತ್ರ ಆಲ್ಟರು."