ಒಂದೇ ಪುಟದ ಎರಡು ದೋಣಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಹಳೇ ದೋಣಿಗಳ ಆಫೀಸಿದೆ ಅಂದರೆ ಕೇಳಿದವರು ನಗುತ್ತಿದ್ದರು. ಹುಬ್ಬಳ್ಳಿಗೂ ಸಮುದ್ರಕ್ಕೂ ಎತ್ತಣ ನಂಟು? ಆದರೆ ಮಂದಾಕಿನಿಯವರು ನಡೆಸುತ್ತಿದ್ದ ‘ದೋಣಿಕಟ್ಟೆ’ಗೆ ಸಮುದ್ರ ಬೇಕಿರಲಿಲ್ಲ. ಅವರು ದೋಣಿ ಮಾರುತ್ತಿರಲಿಲ್ಲ, ಮಾರುವವರ ಜಾಹೀರಾತುಗಳನ್ನು ಕೂಡಿಸುತ್ತಿದ್ದರು. ದಿನಾ ಬೆಳಿಗ್ಗೆ ಅವರ ಕಂಪ್ಯೂಟರ್ ಪ್ರೋಗ್ರಾಮು ದಲ್ಲಾಳಿಗಳ ವೆಬ್‌ಸೈಟು, ಬಂದರಿನ ಹರಾಜು ಪ್ರಕಟಣೆ, ಮೀನುಗಾರರ ವಾಟ್ಸಾಪ್ ಗುಂಪು ಹೀಗೆ ನಲವತ್ತು ಕಡೆಯಿಂದ ಜಾಹೀರಾತು ಎತ್ತಿಕೊಂಡು ಬರುತ್ತಿತ್ತು. ಒಬ್ಬ ಅಡಿಯಲ್ಲಿ ಬರೆದರೆ ಇನ್ನೊಬ್ಬ ಮೀಟರಿನಲ್ಲಿ ಬರೆದಿರುತ್ತಿದ್ದ. ಎಲ್ಲವನ್ನೂ ಒಂದೇ ಅಳತೆಗೆ ತಂದು, ಒಂದು ದೋಣಿಗೆ ಒಂದು ಪುಟದಂತೆ ತೋರಿಸುವುದು ಅವರ ಕಸುಬು.

ಒಂದೇ ದೋಣಿ ಎರಡು ಕಡೆ ಮಾರಾಟಕ್ಕಿದೆ ಎಂದು ಪ್ರೋಗ್ರಾಮಿಗೆ ಸಂಶಯ ಬಂದರೆ ಆ ಜೋಡಿ ಅಲ್ಲಿ ಕೆಲಸಕ್ಕಿದ್ದ ಕರುಣಾಳ ಪರದೆಗೆ ಬರುತ್ತಿತ್ತು. ಫೋಟೋ ನೋಡಿ ‘ಒಂದೇ’ ಅಥವಾ ‘ಬೇರೆ’ ಎಂದು ಒತ್ತುವುದು ಅವಳ ಕೆಲಸ. ದಿನಕ್ಕೆ ಇನ್ನೂರು ಜೋಡಿ. ಎರಡು ವರ್ಷದಿಂದ ಅದನ್ನೇ ಮಾಡುತ್ತಿದ್ದಳು, ಚುರುಕಿನವಳು ಎಂಬ ಹೆಸರೂ ಇತ್ತು.

ಅವತ್ತು ಗುರುವಾರ. ಹನ್ನೊಂದರ ಸುಮಾರಿಗೆ ಕಾರವಾರದ ದಲ್ಲಾಳಿಯೊಬ್ಬ ಫೋನು ಮಾಡಿ ತಕರಾರು ತೆಗೆದ. ತನ್ನ ದೋಣಿಯ ಫೋಟೋ, ತಪಾಸಣಾ ವರದಿ ಎರಡನ್ನೂ ಕುಮಟಾದ ಯಾರದೋ ದೋಣಿಗೆ ಅಂಟಿಸಿದ್ದೀರಿ, ಆ ದೋಣಿ ಮಾರಿಯೂ ಹೋಗಿದೆ, ತನ್ನದು ಇನ್ನೂ ದಂಡೆಯ ಮೇಲೇ ಇದೆ ಎಂದ.

ಕರುಣಾ ಪುಟ ತೆರೆದಳು. ಎರಡೂ ಇಪ್ಪತ್ತೆರಡು ಅಡಿಯ ಬಿಳಿ ಫೈಬರ್ ದೋಣಿ, ಅಂಚಿಗೆ ನೀಲಿ ಪಟ್ಟಿ. ಒಂದರ ನೋಂದಣಿ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಹಗ್ಗ ಮುಚ್ಚಿತ್ತು. ಒಂದು ತಿಂಗಳ ಹಿಂದೆ ಈ ಜೋಡಿ ನೋಡಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅನುಮಾನ ಬಂದಿತ್ತು. ಊಟದ ಹೊತ್ತಾಗಿತ್ತು, ‘ಒಂದೇ’ ಎಂದು ಒತ್ತಿ ಎದ್ದಿದ್ದಳು.

ಕುಮಟಾದವನ ಮೂಲ ಜಾಹೀರಾತನ್ನು ಈಗ ಹುಡುಕಿ ಓದಿದಳು. ‘ತಳದಲ್ಲಿ ಸೀಳು ಇದೆ. ತಾತ್ಕಾಲಿಕ ತೇಪೆ ಹಾಕಿದೆ. ರಿಪೇರಿ ಮಾಡಿಸದೆ ನೀರಿಗಿಳಿಸಬೇಡಿ’ ಎಂದು ಆ ಪುಣ್ಯಾತ್ಮ ಬರೆದಿದ್ದ. ಎರಡನ್ನು ಕೂಡಿಸಿದಾಗ ಪುಟದಲ್ಲಿ ಒಂದೇ ಟಿಪ್ಪಣಿಗೆ ಜಾಗ. ಉದ್ದನೆಯದು ಉಳಿಯುತ್ತದೆ, ಗಿಡ್ಡದು ಹೋಗುತ್ತದೆ. ಉಳಿದದ್ದು ಕಾರವಾರದ ದೋಣಿಯ ವರದಿ. ತಳ ಗಟ್ಟಿ, ಹತ್ತು ಜನರಿಗೆ ಯೋಗ್ಯ.

ದೋಣಿ ಮಾರಿದ ಕುಮಟಾದವನಿಗೆ ಫೋನು ಮಾಡಿದಳು. ತಾನು ಸೀಳಿನ ವಿಷಯ ಬರೆದೇ ಇದ್ದೆ, ಕೊಂಡವನು ಓದಿಕೊಂಡೇ ಬಂದಿರಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ ಎಂದು ಅವನು ಗಾಬರಿಯಿಂದ ಹೇಳಿದ. ಕೊಂಡವನು ಹುಲಗಪ್ಪ, ಮಲಪ್ರಭಾ ಹಿನ್ನೀರಿನ ದಂಡೆಯವನು ಎಂದೂ ತಿಳಿಸಿದ. ಆ ಹೆಸರು ಅವಳಿಗೆ ಗೊತ್ತಿತ್ತು. ನಿನ್ನೆ ತಾನೇ ಆಫೀಸಿನ ನಂಬರಿಗೆ ಅವನ ಮೆಸೇಜು ಬಂದಿತ್ತು: ಗುರುವಾರ ಹನ್ನೆರಡೂವರೆಗೆ ದೋಣಿ ಪೂಜೆ, ಮನೆಮಂದಿಯನ್ನೆಲ್ಲ ಕೂಡ್ರಿಸಿ ಒಂದು ಸುತ್ತು ಹಾಕ್ತೇವಿ, ನೀವೂ ಬರ್ರಿ.

ಹುಲಗಪ್ಪನ ಫೋನು ಸ್ವಿಚ್ ಆಫ್. ಮೆಸೇಜು ಹಾಕಿದಳು, ಮುಟ್ಟಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು.

ಮಂದಾಕಿನಿಯವರು ಎಲ್ಲ ಕೇಳಿಕೊಂಡರು. ಧಾರವಾಡದ ಮಾಸ್ತರರ ಮನೆತನದವರು, ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿದವರಲ್ಲ. ಮೊದಲು ವಕೀಲರಿಗೆ ಹೇಳೋಣ ಎಂದರು. ಬರೆದದ್ದಕ್ಕೆಲ್ಲ ಮೂಲ ಜಾಹೀರಾತುದಾರರೇ ಹೊಣೆ ಎಂದು ಪುಟದ ಕೆಳಗೆ ಹಾಕಿಯೇ ಇದೆಯಲ್ಲ ಎಂದೂ ಅಂದರು.

“ಮೇಡಂ, ಮೂಲದಾಗ ಖರೇನ ಬರದಾರ್ರಿ,” ಎಂದಳು ಕರುಣಾ. “ಅಳಿಸಿದವ್ರು ನಾವು. ನಾ ಸ್ಕೂಟಿ ತಗೊಂಡು ಹೊಂಟೇನಿ.”

ಮಂದಾಕಿನಿಯವರು ಮೇಜಿನ ಮೇಲಿನ ಕಾರಿನ ಕೀಲಿ ಎತ್ತಿಕೊಂಡರು.

ಹೆಬ್ಬಳ್ಳಿ ದಾಟುವವರೆಗೂ ಕರುಣಾ ಒಂದೇ ಸವನೆ ಹುಲಗಪ್ಪನ ನಂಬರು ಒತ್ತುತ್ತಿದ್ದಳು, ಅದೇ ಹೆಂಗಸಿನ ದನಿ ಸ್ವಿಚ್ ಆಫ್ ಎಂದೇ ಹೇಳುತ್ತಿತ್ತು. ಎದುರಿಗೆ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ರಸ್ತೆಯನ್ನೆಲ್ಲ ಹಿಡಿದು ತೆವಳುತ್ತಿತ್ತು. ಮಂದಾಕಿನಿಯವರು ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ.

ದಂಡೆ ಮುಟ್ಟಿದಾಗ ಹನ್ನೆರಡೂ ಇಪ್ಪತ್ತೆಂಟು. ಒಡೆದ ತೆಂಗಿನಕಾಯಿ, ಚೆಲ್ಲಿದ ಭಂಡಾರದ ಅರಿಸಿನ ಪುಡಿ ಕಂಡವು, ದೋಣಿ ಕಾಣಲಿಲ್ಲ. ಬಲೆ ಬಿಡಿಸುತ್ತ ಕೂತಿದ್ದ ಮುದುಕನೊಬ್ಬ, ಜನರೆಲ್ಲ ಕೂಡಿದ್ದರಿಂದ ಲಗೂನ, ಹೊತ್ತಿಗೆ ಮೊದಲೇ ಬಿಟ್ಟರು ಎಂದು ನೀರಿನ ಕಡೆ ಕೈ ಮಾಡಿದ. ಅರ್ಧ ಮೈಲಿ ಆಚೆ ಬಿಳಿ ದೋಣಿ. ಒಂಬತ್ತು ಜನ ಹತ್ತಿದ್ದಾರೆ ಎಂದ ಮುದುಕ.

ಕರುಣಾ ದುಪಟ್ಟಾ ತೆಗೆದು ಬೀಸಿದಳು. ದೋಣಿಯಲ್ಲಿದ್ದವರು ಖುಷಿಯಿಂದ ತಿರುಗಿ ಕೈ ಬೀಸಿದರು. ಯಾರೋ ಎದ್ದುನಿಂತು ಟವೆಲ್ಲನ್ನೂ ಬೀಸಿದರು.

“ಕಾಕಾ, ಆ ದೋಣಿ ತಳ ಸೀಳೇತ್ರಿ,” ಎಂದಳು ಮುದುಕನಿಗೆ.

ಮುದುಕನ ಹೆಸರು ಯಂಕಣ್ಣ. ಏಕೆ, ಹೇಗೆ ಎಂದು ಕೇಳಲಿಲ್ಲ. ಬಲೆ ಅಲ್ಲೇ ಬಿಟ್ಟು ತನ್ನ ಸಣ್ಣ ದೋಣಿ ದೂಡಿಕೊಂಡು ಹುಟ್ಟು ಹಾಕತೊಡಗಿದ. ಕರುಣಾಳಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡುವುದಷ್ಟೇ ಉಳಿದಿತ್ತು. ಮಂದಾಕಿನಿಯವರೂ ಚಪ್ಪಲಿ ಬಿಡದೆ ನೀರಿಗಿಳಿದು ಅವಳ ಪಕ್ಕ ನಿಂತರು.

ಬಿಳಿ ದೋಣಿ ತಿರುಗಿತು. ತಿರುಗುವಾಗ ಹಿಂಭಾಗ ತಗ್ಗಿದ್ದು ಇಲ್ಲಿಂದಲೂ ಕಂಡಿತು. ಇಂಜಿನ್ನಿನ ದನಿ ಭಾರವಾಯಿತು. ಕೈ ಬೀಸುತ್ತಿದ್ದವರು ಈಗ ಬೊಗಸೆಯಲ್ಲಿ, ಕೊಡದಲ್ಲಿ ನೀರು ಚೆಲ್ಲುತ್ತಿದ್ದರು. ನಡುನೀರಿನಲ್ಲಿ ಯಂಕಣ್ಣ ಅವರನ್ನು ಮುಟ್ಟಿದ. ಮೂರು ಮಕ್ಕಳನ್ನು ಒಂದೊಂದಾಗಿ ತನ್ನ ದೋಣಿಗೆ ಎತ್ತಿಕೊಂಡ. ಮಕ್ಕಳು ಇಳಿದ ಮೇಲೆ ಬಿಳಿ ದೋಣಿ ತುಸು ಹಗುರಾಗಿ, ಹಾಗೂ ಹೀಗೂ ತೆವಳುತ್ತ ಬಂದು ದಂಡೆಯಿಂದ ನಲವತ್ತು ಹೆಜ್ಜೆ ಆಚೆ ಕೆಸರಿನಲ್ಲಿ ಕೂತಿತು. ಸೊಂಟದುದ್ದ ನೀರಿನಲ್ಲಿ ಉಳಿದವರು ಒಬ್ಬರ ಕೈ ಒಬ್ಬರು ಹಿಡಿದು ನಡೆದು ಬಂದರು.

ಹುಲಗಪ್ಪ ನಲವತ್ತರ ಆಳು, ಹೊಸ ಅಂಗಿ ತೊಟ್ಟಿದ್ದ. ಇವರು ಯಾರೆಂದು ತಿಳಿದ ಮೇಲೆ ಅವನು ಬೈಯಲಿಲ್ಲ. “ನಿಮ್ಮ ರಿಪೋರ್ಟ್ ನೋಡೇ ತಗೊಂಡೇನ್ರಿ,” ಎಂದಷ್ಟೇ ಹೇಳಿದ.

“ಆ ರಿಪೋರ್ಟ್ ಈ ದೋಣೀದಲ್ರಿ,” ಎಂದಳು ಕರುಣಾ. “ಎರಡೂ ಒಂದೇ ಅಂತ ಒತ್ತಿದಾಕಿ ನಾನು.”

ಅವನ ತಾಯಿ ಕಸ್ತೂರೆವ್ವ ಸೀರೆಯ ನೀರು ಹಿಂಡುತ್ತಿದ್ದವಳು ತಲೆ ಎತ್ತಿದಳು. “ದೋಣಿ ನೋಡಿದ್ದೇನ ತಂಗಿ ನೀ?”

“ಇಲ್ಲಬೇ. ಫೋಟೋ ನೋಡಿದ್ದೆ.”

ಮುದುಕಿ ಕೊನೆಯ ಮೊಮ್ಮಗಳನ್ನು ಎತ್ತಿಕೊಂಡು ಅದರ ತಲೆ ಒರೆಸಿದಳು. ಬೈದಿದ್ದರೆ ಚಲೋ ಇತ್ತು ಎಂದು ಕರುಣಾಳಿಗೆ ಅನ್ನಿಸಿತು. ತಳದ ರಿಪೇರಿಯನ್ನು ತಾವೇ ಮಾಡಿಸಿಕೊಡುತ್ತೇವೆ ಎಂದು ಮಂದಾಕಿನಿಯವರು ಹುಲಗಪ್ಪನಿಗೆ ಮಾತು ಕೊಟ್ಟರು.

ಮರುದಿನ ಆಫೀಸಿನಲ್ಲಿ ಹೊಸ ಜೋಡಿಗಳನ್ನು ಕೂಡಿಸುವುದನ್ನು ಸದ್ಯಕ್ಕೆ ನಿಲ್ಲಿಸಿದರು. ಪುಟದ ಪ್ರತಿ ಸಾಲಿನ ಪಕ್ಕ ಅದು ಯಾರ ಜಾಹೀರಾತಿನಿಂದ ಬಂತೆಂದು ಬರೆಯಬೇಕು, ನೋಂದಣಿ ಸಂಖ್ಯೆ ಪೂರ್ತಿ ಕಾಣದಿದ್ದರೆ ಕೂಡಿಸಕೂಡದು ಎಂದು ಮಂದಾಕಿನಿಯವರು ಕಟ್ಟಪ್ಪಣೆ ಮಾಡಿದರು. ಪುಟಗಳು ಉದ್ದವಾಗಿ ಗಲೀಜು ಕಾಣತೊಡಗಿದವು, ನೋಡುವವರೂ ಕಡಿಮೆಯಾದರು.

ಸಂಖ್ಯೆ ಪೂರ್ತಿ ಕಾಣದಿದ್ದರೂ ತಾನು ಕೂಡಿಸಿದ್ದ, ಮಾರಿಯೂ ಹೋಗಿದ್ದ ಅರವತ್ತಮೂರು ದೋಣಿಗಳನ್ನು ಕರುಣಾ ಹೆಕ್ಕಿದಳು. ಕೊಂಡವರಿಗೆಲ್ಲ ನಾಲ್ಕು ದಿನ ಕೂತು ಒಬ್ಬೊಬ್ಬರಿಗೇ ಫೋನು ಮಾಡಿದಳು. ಹಲವರು ನಕ್ಕರು, ಕೆಲವರು ಉಗಿದರು. ಇಬ್ಬರಿಗೆ ನಿಜವಾಗಿಯೂ ಬೇರೆ ದೋಣಿಯ ವರದಿ ಹೋಗಿತ್ತು. ಎರಡೂ ದೋಣಿಗಳು ನೀರಿಗಿಳಿಯದೆ ಇನ್ನೂ ದಂಡೆಯ ಮೇಲಿದ್ದವು.